ರೋಗಿಯೊಬ್ಬನಿಗೆ ಮಾತ್ರ ಗೌಪ್ಯ

ಪರೇಲಿನ ಕೆಇಎಂ ಆಸ್ಪತ್ರೆಯ ಹೆಸರಿನ ಜೊತೆಗೆ ರೋಗಿಗಳ ಹೆಸರೂ ಅಚ್ಚಾಗಿದ್ದ ಕಾಗದದ ತಟ್ಟೆಗಳ ವೀಡಿಯೊ ಒಂದು 2024ರ ಜುಲೈ ತಿಂಗಳಲ್ಲಿ ಮುಂಬಯಿಯ ಮೊಬೈಲುಗಳಲ್ಲೆಲ್ಲ ಹರಿದಾಡಿತು. ತಟ್ಟೆಗಳಾದದ್ದು ರೋಗಿಗಳ ವರದಿಗಳಲ್ಲ, ಸಿಟಿ ಸ್ಕ್ಯಾನ್ ಇಡುವ ಹಳೆಯ ಫೋಲ್ಡರುಗಳು, ರದ್ದಿಗೆ ಹಾಕುವ ಮುನ್ನ ಚೂರು ಮಾಡಬೇಕಾಗಿದ್ದವು ಎಂದು ಆಸ್ಪತ್ರೆ ಸ್ಪಷ್ಟನೆ ಕೊಟ್ಟಿತು. ಆರು ಮಂದಿ ನೌಕರರಿಗೆ ನೋಟಿಸೂ ಹೋಯಿತು. ಹೋದದ್ದು ಹೆಸರು ಮಾತ್ರ, ರೋಗವಲ್ಲ ಎಂಬ ಸಮಾಧಾನದಲ್ಲಿ ನಗರ ತನ್ನ ಭೇಲ್‌ಪುರಿಗೆ ಮರಳಿತು. ಆ ಪ್ರಕರಣದಲ್ಲಿ ಜನ ಅಷ್ಟೊಂದು ಬೆಚ್ಚಿಬಿದ್ದದ್ದೇಕೆಂದು ನನಗೆ ಇಂದಿಗೂ ಅರ್ಥವಾಗಿಲ್ಲ. ಈ ನಗರದ ಉಳಿದ ದವಾಖಾನೆಗಳಲ್ಲಿ ಬಾಯಿಂದ ಬಾಯಿಗೆ ಹೋಗುವ ಮಾಹಿತಿ ಇಲ್ಲಿ ತಟ್ಟೆಯ ಮೂಲಕ ಬಾಯಿಯ ಹತ್ತಿರ ಹೋಗಿತ್ತು, ಅಷ್ಟೇ.

ಬಾಯಿಂದ ಬಾಯಿಗೆ ಹೋಗುವ ಕ್ರಮವನ್ನು ನೋಡಬೇಕೆಂದರೆ ಯಾವುದೇ ಆಸ್ಪತ್ರೆಯಲ್ಲಿ ಕೇಸ್ ಪೇಪರ್ ಮಾಡಿಸುವ ಕಿಟಕಿಯ ಮುಂದೆ ಬೆಳಗ್ಗೆ ಒಂಬತ್ತಕ್ಕೆ ನಿಲ್ಲಬೇಕು. ಕಿಟಕಿಗೆ ದಪ್ಪ ಗಾಜು, ಗಾಜಿನಲ್ಲಿ ಅಂಗೈಯಗಲದ ತೂತು, ತೂತಿನ ಆಚೆ ಫ್ಯಾನಿನ ಸದ್ದಿನಲ್ಲಿ ಏನೂ ಕೇಳಿಸದ ಗುಮಾಸ್ತ. ಯಾವ ತೊಂದರೆ ಎಂದು ಆತ ಕೇಳುತ್ತಾನೆ; ರೋಗಿ ತಲೆ ತಗ್ಗಿಸಿ ತೂತಿನ ಬಳಿ ಪಿಸುಗುಡುತ್ತಾನೆ; ಕೇಳಿಸಲಿಲ್ಲ, ಜೋರಾಗಿ ಹೇಳಿ ಎನ್ನುತ್ತಾನೆ ಗುಮಾಸ್ತ. ಎರಡನೆಯ ಸಲವೂ ಕೇಳಿಸದಿದ್ದಾಗ ಸಾಲಿನಲ್ಲಿ ಹಿಂದೆ ನಿಂತ ಹಿರಿಯರೊಬ್ಬರು ಪರೋಪಕಾರ ಬುದ್ಧಿಯಿಂದ, ಇವರಿಗೆ ಮೂಲವ್ಯಾಧಿಯಂತೆ, ಮೂರು ತಿಂಗಳಿಂದ ರಕ್ತ ಹೋಗುತ್ತಿದೆಯಂತೆ ಎಂದು ಸ್ವಚ್ಛ ಮರಾಠಿಯಲ್ಲಿ ವಿವರಿಸುತ್ತಾರೆ. ಆ ಹಿರಿಯರ ಹಿಂದೆ ನಿಂತವರು ಅದಕ್ಕೆ ಸೂರಣಗಡ್ಡೆ ಒಳ್ಳೆಯದೆಂದು ಸೂಚಿಸುತ್ತಾರೆ. ವೈದ್ಯರ ಕೋಣೆ ತಲುಪುವ ಹೊತ್ತಿಗೆ ರೋಗಿಗೆ ನಾಲ್ಕು ಅಭಿಪ್ರಾಯಗಳು ಶುಲ್ಕವಿಲ್ಲದೆ ದೊರೆತಿರುತ್ತವೆ. ವೈದ್ಯರ ಕೋಣೆಯಲ್ಲಾದರೂ ಬಾಗಿಲಿದೆಯಲ್ಲ ಎನ್ನಬಹುದು. ಇದೆ, ಆದರೆ ಮುಂದಿನ ಇಬ್ಬರು ರೋಗಿಗಳನ್ನು ಸಮಯ ಉಳಿತಾಯಕ್ಕಾಗಿ ಆಗಲೇ ಒಳಗಿನ ಬೆಂಚಿನ ಮೇಲೆ ಕೂರಿಸಿರುತ್ತಾರೆ.

ಮುಂಬಯಿ ಕನ್ನಡಿಗರಾದ ನಮ್ಮ ಬಳಿ ಇದಕ್ಕೆ ಒಂದು ವಿಶೇಷ ರಕ್ಷಾಕವಚ ಇದೆಯೆಂಬುದು ಬಹುಕಾಲದ ನಂಬಿಕೆ. ಕನ್ನಡದಲ್ಲೋ ತುಳುವಿನಲ್ಲೋ ಮಾತನಾಡಿದರೆ ಸುತ್ತಲಿನ ಯಾರಿಗೂ ತಿಳಿಯದು ಎಂಬ ಧೈರ್ಯದಲ್ಲಿ ನಾವು, ಊರಿನ ಆಸ್ಪತ್ರೆಯಲ್ಲಿ ಗಂಡ ಹೆಂಡತಿ ಕಣ್ಸನ್ನೆಯಲ್ಲಿ ಮುಗಿಸುವ ಸಂಗತಿಗಳನ್ನು ಇಲ್ಲಿ ಇಡೀ ಹಾಲಿಗೆ ಕೇಳುವಂತೆ ಆಡುತ್ತೇವೆ. "ರೀ, ರಾತ್ರಿ ಎಷ್ಟು ತಗೊಳ್ತೀರಿ ಅನ್ನೋದನ್ನ ಡಾಕ್ಟರ ಹತ್ರ ಮುಚ್ಚಿಡಬೇಡಿ" ಎಂದು ಪತ್ನಿ ಆ ತುದಿಯ ಕುರ್ಚಿಯಿಂದ ಕೂಗುತ್ತಾರೆ. "ನಿನ್ನ ತಮ್ಮ ತಗೊಳ್ಳೋದರ ಅರ್ಧವೂ ಇಲ್ಲ ಕಣೇ" ಎಂದು ಪತಿ ಈ ತುದಿಯಿಂದ ಉತ್ತರಿಸುತ್ತಾರೆ. ರಕ್ತದೊತ್ತಡ ನೋಡುತ್ತಿರುವ ನರ್ಸ್ ಉಡುಪಿಯ ಕಡೆಯವರು, ಕೆಳಗಿನ ಕ್ಯಾಂಟೀನಿನ ಗಲ್ಲಾಪೆಟ್ಟಿಗೆಯಲ್ಲಿ ಕೂತವರು ಕುಂದಾಪುರದವರು, ಬಾಗಿಲಲ್ಲಿ ನಿಂತ ವಾಚ್‌ಮನ್ ಕಲಬುರಗಿಯವನು ಎಂಬುದು ದಂಪತಿಗೆ ತಿಳಿಯುವುದು ಹಣ ಕಟ್ಟಿ ಹೊರಡುವಾಗ, ವಾಚ್‌ಮನ್ ಕೈಮುಗಿದು "ಸಾಹೇಬ್ರ, ಕುಡಿಯೂದು ಬಿಟ್ರ ಎಲ್ಲಾ ಆರಾಮ ಆಕ್ಕೇತ್ರಿ" ಎಂದಾಗ. ಯಕೃತ್ತಿನ ಸ್ಕ್ಯಾನಿಂಗ್ ವರದಿ ವೈದ್ಯರ ಮೇಜಿಗೆ ಬರುವುದು ಮರುದಿನ ಸಂಜೆಗೆ. ನಮ್ಮ ಕನ್ನಡಿಗರಿರುವ ಮಾಟುಂಗ ಮತ್ತು ಡೊಂಬಿವಲಿಗೆ ಅದು ಹಿಂದಿನ ರಾತ್ರಿಯೇ ತಲುಪಿರುತ್ತದೆ. ಮುಂದಿನ ಭಾನುವಾರದ ಯಕ್ಷಗಾನದಲ್ಲಿ ಭಾಗವತರು ಪದ್ಯ ಎತ್ತುವ ಮುನ್ನವೇ ಪಕ್ಕದ ಕುರ್ಚಿಯವರು, ಈಗ ಹೇಗಿದ್ದೀರಿ ಎಂದು ಕೇಳುವ ಧಾಟಿಯಲ್ಲೇ ಏನೇನು ತಿಳಿದಿದೆಯೆಂಬುದು ತಿಳಿಯುತ್ತದೆ.

ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ಕೆಲಸ ಇನ್ನಷ್ಟು ಅಚ್ಚುಕಟ್ಟು. ಮನೆಗೇ ಬಂದು ರಕ್ತ ತೆಗೆಯುವ ಹುಡುಗ ರಿಜಿಸ್ಟರಿನಲ್ಲಿ ಫ್ಲ್ಯಾಟ್ ನಂಬರ್ ಬರೆದು, ಬಂದ ಕಾರಣದ ಅಂಕಣದಲ್ಲಿ ಪರೀಕ್ಷೆಯ ಹೆಸರನ್ನೂ ಪ್ರಾಮಾಣಿಕವಾಗಿ ನಮೂದಿಸುತ್ತಾನೆ. ಉಳಿದದ್ದನ್ನು ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪು ನೋಡಿಕೊಳ್ಳುತ್ತದೆ.

ಸರ್ಕಾರ ಈ ವಿಷಯದಲ್ಲಿ ಜನರಿಗಿಂತ ಹಿಂದೆ ಬಿದ್ದಿದೆಯೆಂದು ಯಾರೂ ದೂರುವಂತಿಲ್ಲ. 2020ರ ಮಾರ್ಚಿನಲ್ಲಿ, ಕೊರೊನಾ ಕಾಲದಲ್ಲಿ, ಮಹಾರಾಷ್ಟ್ರ ಸರ್ಕಾರ ಮನೆಯಲ್ಲೇ ಪ್ರತ್ಯೇಕವಾಗಿರಲು ಸೂಚಿಸಿದವರ ಎಡಗೈಗೆ ಸುಲಭಕ್ಕೆ ಅಳಿಯದ ಶಾಯಿಯಲ್ಲಿ ಮುದ್ರೆ ಒತ್ತಿಸಿತು. ಅದೇ ಸಮಯಕ್ಕೆ ನಮ್ಮ ತವರು ರಾಜ್ಯವೂ ಬೆಂಗಳೂರಿನಲ್ಲಿ ಮನೆಯೊಳಗೆ ಇರಬೇಕಾದವರ ವಿಳಾಸಗಳನ್ನು ಸಾರ್ವಜನಿಕವಾಗಿ ಪ್ರಕಟಿಸಿ, ಕನ್ನಡಿಗರು ಯಾರಿಗೂ ಕಡಿಮೆಯಿಲ್ಲವೆಂದು ತೋರಿಸಿಕೊಟ್ಟಿತು. ಸಕ್ಷಮ ಅಧಿಕಾರಿಯ ನಿರ್ದೇಶನವಿಲ್ಲದೆ ಸೋಂಕಿತರ ಮನೆಯ ಹೊರಗೆ ಭಿತ್ತಿಪತ್ರ ಅಂಟಿಸಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಅಂಟು ಒಣಗಿ ಭಿತ್ತಿಪತ್ರಗಳು ತಾವಾಗಿಯೇ ಉದುರಿ, ನ್ಯಾಯಾಲಯದ ಆದೇಶವನ್ನು ಮುಂಚಿತವಾಗಿ ಪಾಲಿಸಿದ್ದವು.

ಕಾನೂನಿಲ್ಲವೇ ಎಂದರೆ ಧಾರಾಳವಾಗಿದೆ. ವೈದ್ಯರ ವೃತ್ತಿನಡತೆಯ 2002ರ ನಿಯಮಾವಳಿಯು ರೋಗಿಯ ಗುಟ್ಟನ್ನು ನ್ಯಾಯಾಲಯದ ಆದೇಶದಂತಹ ಕೆಲವು ಸಂದರ್ಭಗಳಲ್ಲಿ ಹೊರತು ಬಯಲುಮಾಡಬಾರದು ಎನ್ನುತ್ತದೆ. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆ ತನ್ನ 23ನೇ ಸೆಕ್ಷನ್ನಿನಲ್ಲಿ ಚಿಕಿತ್ಸೆಯ ವಿವರಗಳಿಗೆ ಗೌಪ್ಯತೆಯ ಹಕ್ಕು ಕೊಟ್ಟಿತು. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಆ ಕಾಯ್ದೆಯ ವ್ಯಾಪ್ತಿಯಲ್ಲಿವೆ. ಆದ್ದರಿಂದಲೇ ವ್ಯಸನಮುಕ್ತಿ ಕೇಂದ್ರಗಳು ತಮ್ಮ ಜಾಹೀರಾತಿನಲ್ಲಿ, ನಿಮ್ಮ ಗುರುತನ್ನು ಸಂಪೂರ್ಣ ಗೌಪ್ಯವಾಗಿಡಲಾಗುವುದು ಎಂದು ಭರವಸೆ ಕೊಡುತ್ತವೆ. ಇಂತಹದೊಂದು ಕೇಂದ್ರದ ವ್ಯಾನು ನಮ್ಮ ಬಡಾವಣೆಗೆ ಬರುವುದುಂಟು. ಅದರ ಎರಡೂ ಪಕ್ಕದಲ್ಲಿ ಕೇಂದ್ರದ ಹೆಸರು ಆಳೆತ್ತರದ ಕೆಂಪು ಅಕ್ಷರಗಳಲ್ಲಿದೆ. ಚಾಲಕನಿಗೆ ಫ್ಲ್ಯಾಟ್ ಗೊತ್ತಾಗದ ಕಾರಣ ಕೆಳಗೆ ನಿಂತು ಹಾರ್ನ್ ಹೊಡೆಯುತ್ತಾನೆ, ಆರು ಮಹಡಿಗಳ ಬಾಲ್ಕನಿಗಳು ತುಂಬಿದ ಮೇಲೆ ರೋಗಿಯ ಹೆಸರು ಹಿಡಿದು ವಿಚಾರಿಸುತ್ತಾನೆ, ಮತ್ತು ಇದು ಗೌಪ್ಯ ವಿಷಯವಾದ್ದರಿಂದ ದಯವಿಟ್ಟು ಯಾರೂ ಫೋಟೋ ತೆಗೆಯಬಾರದು ಎಂದು ಮನವಿ ಮಾಡುತ್ತಾನೆ.

ಇಷ್ಟೆಲ್ಲ ಉದಾರವಾಗಿರುವ ವ್ಯವಸ್ಥೆ ಗೌಪ್ಯತೆಯನ್ನು ಕಬ್ಬಿಣದ ಬಾಗಿಲಿನಂತೆ ಮುಚ್ಚುವ ಒಂದೇ ಒಂದು ಸಂದರ್ಭವಿದೆ. ಅದು ರೋಗಿ ತನ್ನದೇ ಕಡತವನ್ನು ತಾನೇ ಕೇಳಿದಾಗ. ಆಗ ದಾಖಲೆ ವಿಭಾಗದ ಮುಖಚರ್ಯೆ ಬದಲಾಗುತ್ತದೆ. ರೋಗಿಗಳ ಮಾಹಿತಿ ಅತ್ಯಂತ ಸೂಕ್ಷ್ಮವಾದದ್ದು, ಯಾರೆಂದರೆ ಅವರಿಗೆ ಕೊಡಲು ಬರುವುದಿಲ್ಲ ಎಂದು ತಿಳಿಹೇಳುತ್ತಾರೆ. ನಾನೇ ರೋಗಿ ಎಂದರೆ ಅದಕ್ಕೆ ಪುರಾವೆ ಬೇಕು. ಹೊಲಿಗೆಯ ಗುರುತು ತೋರಿಸಿದರೆ ಸಾಲದು, ಆಧಾರ್ ಕಾರ್ಡಿನ ಝೆರಾಕ್ಸ್, ಅರ್ಜಿ, ಮೇಲಧಿಕಾರಿಯ ಸಹಿ ಬೇಕು, ಮೇಲಧಿಕಾರಿ ರಜೆಯ ಮೇಲಿದ್ದಾರೆ. ಮೇಲೆ ಹೇಳಿದ 2002ರ ನಿಯಮಾವಳಿಯಲ್ಲೇ, ಒಳರೋಗಿಯ ದಾಖಲೆಗಳನ್ನು 3 ವರ್ಷ ಇಟ್ಟುಕೊಳ್ಳಬೇಕು, ಕೇಳಿದ 72 ಗಂಟೆಗಳೊಳಗೆ ಕೊಡಬೇಕು ಎಂದಿದೆ. ಅದಕ್ಕೂ ಮೊದಲೇ, 1996ರಲ್ಲಿ ಬಾಂಬೆ ಹೈಕೋರ್ಟ್ ಇದೇ ಕೇಸ್ ಪೇಪರುಗಳ ಬಗ್ಗೆ, ರೋಗಿಗೆ ಸಂಬಂಧಿಸಿದ ದಾಖಲೆಗಳ ಪ್ರತಿ ಕೊಡಲು ವೈದ್ಯರಾಗಲಿ ಆಸ್ಪತ್ರೆಯಾಗಲಿ ಗೌಪ್ಯತೆಯ ನೆಪ ಹೇಳುವಂತಿಲ್ಲ ಎಂದು ತೀರ್ಪು ನೀಡಿದೆ. ತೀರ್ಪು ಬಂದದ್ದು ಈ ನಗರದಲ್ಲೇ ಆದ್ದರಿಂದ ಆಸ್ಪತ್ರೆಗಳಿಗೆ ಅದು ತಿಳಿದಿರಲಾರದು ಎನ್ನಲು ಬರುವುದಿಲ್ಲ. ಬಹುಶಃ ಅದನ್ನೂ ಗೌಪ್ಯವಾಗಿಟ್ಟಿರಬಹುದು. ಕಡತ ಬೇಗ ಬೇಕಾದವರಿಗೆ ನನ್ನದೊಂದು ಸಲಹೆಯಿದೆ. ವಿಮಾ ಕಂಪನಿಯ ಪ್ರತಿನಿಧಿ, ಕಚೇರಿಯ ಎಚ್‌ಆರ್, ರದ್ದಿವಾಲಾ, ಈ ಮೂವರಲ್ಲಿ ಯಾರನ್ನಾದರೂ ವಿಚಾರಿಸಿ. ರದ್ದಿವಾಲಾನದು ಎಲ್ಲಕ್ಕಿಂತ ಕಡಿಮೆ ದರ.

ಕಾಗದದ ಕಾಲ ಮುಗಿಯಿತು, ಇನ್ನು ಎಲ್ಲವೂ ಕಂಪ್ಯೂಟರಿನಲ್ಲಿ ಭದ್ರ ಎನ್ನುವವರಿದ್ದಾರೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ಸೈಬರ್ ದಾಳಿ ನಡೆದಾಗ ದೇಶದ ಅಗ್ರ ಆಸ್ಪತ್ರೆ ಸುಮಾರು ಎರಡು ವಾರ ಪೆನ್ನು ಕಾಗದ ಹಿಡಿದು ಕೆಲಸ ನಡೆಸಬೇಕಾಯಿತು. ಈಗ ಪ್ರತಿಯೊಬ್ಬ ನಾಗರಿಕನಿಗೂ ಆಭಾ ಎಂಬ ಡಿಜಿಟಲ್ ಆರೋಗ್ಯ ಖಾತೆಯ 14 ಅಂಕಿಗಳ ಸಂಖ್ಯೆ ಸಿಗುತ್ತದೆ, ಮತ್ತು ಆ ಇಡೀ ವ್ಯವಸ್ಥೆ ರೋಗಿಯ ಸಮ್ಮತಿಯ ಬುನಾದಿಯ ಮೇಲೆ ನಿಂತಿದೆ. ಕೌಂಟರಿನಲ್ಲಿ ಆ ಸಮ್ಮತಿಯನ್ನು ಪಡೆಯುವ ಕ್ರಮ ಹೀಗೆ: ಮೊಬೈಲಿಗೆ ಒಂದು ಓಟಿಪಿ ಬಂದಿದೆ, ಜೋರಾಗಿ ಹೇಳಿ. ಅದೇ ತೂತು, ಅದೇ ಫ್ಯಾನು. ಅಜ್ಜಿಗೆ ಅಂಕಿ ಕಾಣದಿದ್ದರೆ ಹಿಂದಿನವರು ಓದಿ ಹೇಳುತ್ತಾರೆ.

ಇನ್ನು ಮುಂದೆ ಹೀಗೆ ನಡೆಯದು ಎಂಬ ಮಾತೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾಹಿತಿಯನ್ನು ಕಾಪಾಡಲು ಸೂಕ್ತ ಭದ್ರತೆ ಮಾಡಿಕೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡ ಬೀಳಬಹುದು. 2025ರ ನವೆಂಬರಿನಲ್ಲಿ ಅದರ ನಿಯಮಗಳೂ ಪ್ರಕಟವಾಗಿ, ಮುಖ್ಯ ಹೊಣೆಗಾರಿಕೆಗಳಿಗೆ ಸಿದ್ಧರಾಗಲು 18 ತಿಂಗಳ ಕಾಲಾವಕಾಶ ಸಿಕ್ಕಿದೆ. ಥಾಣೆ ನಗರದ ಕಡೆಯ ಒಂದು ದವಾಖಾನೆಯವರು ಕಾಲಾವಕಾಶಕ್ಕೂ ಕಾಯದೆ ಸಿದ್ಧರಾಗಿದ್ದಾರೆ. ಅಲ್ಲಿ ಪ್ರವೇಶದ್ವಾರದ ಮೇಜಿನ ಮೇಲೆ ಗೌಪ್ಯತಾ ಸಮ್ಮತಿ ಪುಸ್ತಕವೆಂಬ ಉದ್ದನೆಯ ರಿಜಿಸ್ಟರೊಂದನ್ನು ದಾರ ಕಟ್ಟಿದ ಪೆನ್ನಿನೊಡನೆ ಇರಿಸಿದ್ದಾರೆ. ನಮ್ಮ ಮಾಹಿತಿಯನ್ನು ಬೇರೆ ಯಾರಿಗೂ ತೋರಿಸುವುದಿಲ್ಲವೆಂದು ಆಸ್ಪತ್ರೆ ನಮಗೆ ತಿಳಿಸಿದೆ ಎಂಬ ಒಕ್ಕಣೆಯ ಕೆಳಗೆ ನಾವು ಹೆಸರು, ವಯಸ್ಸು, ಮೊಬೈಲ್ ನಂಬರ್, ಕಾಯಿಲೆ ಬರೆದು ಸಹಿ ಹಾಕಬೇಕು. ನನ್ನ ಸರದಿ ಬಂದಾಗ ಪುಟದಲ್ಲಿ ಆಗಲೇ ಹದಿನಾಲ್ಕು ಮಂದಿಯ ವಿವರಗಳಿದ್ದವು. ನಮ್ಮ ಕಟ್ಟಡದ ಸೆಕ್ರೆಟರಿಯವರದು ಒಂಬತ್ತನೆಯ ಸಾಲಿನಲ್ಲಿತ್ತು, ಅಕ್ಷರ ತುಂಬಾ ದುಂಡಗಿತ್ತು.