ಸೊಲ್ಲಾಪುರದ ಬಸ್ಸು

ಅರ್ಧ ಬರೆದ ಕಥೆಯನ್ನು ನಾಲ್ಕು ಜನರ ಮುಂದೆ ಇಡುವ ಧೈರ್ಯ ನನಗೆ ಬಂದದ್ದು ಬಾರಾ ಕಮಾನಿನಿಂದ. ಎರಡನೆಯ ಅಲಿ ಆದಿಲ್‌ಶಾಹನ ಗೋರಿಗೆಂದು ಎಬ್ಬಿಸಿದ ಕಟ್ಟಡ ಅದು. 1672ರಲ್ಲಿ ಅವನು ತೀರಿಕೊಂಡ. ಕಮಾನುಗಳು ಚಾವಣಿಯಿಲ್ಲದೆ ನಿಂತುಬಿಟ್ಟವು. ಆದರೂ ವಿಜಯಪುರಕ್ಕೆ ಬಂದ ನೆಂಟರೆಲ್ಲ ಅದರ ಮುಂದೆ ಹಲ್ಲು ಕಿರಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಸುಲ್ತಾನನ ಅರ್ಧಂಬರ್ಧಕ್ಕೆ ಇಷ್ಟು ಮರ್ಯಾದೆಯಿದ್ದರೆ ನನ್ನ ಒಂದೂವರೆ ಪುಟಕ್ಕೆ ಚೂರಾದರೂ ಸಿಗಬಾರದೇ?

ರಾತ್ರಿ ಹನ್ನೊಂದಕ್ಕೆ ಫೇಸ್‌ಬುಕ್‌ಗೆ ಹಾಕಿ, ಕೊನೆಗೆ ‘ಮುಂದುವರಿಯುವುದು’ ಎಂದು ಬರೆದು ಮಲಗಿದೆ. ಮಲಗಿದೆ ಎನ್ನುವುದು ಸುಳ್ಳು. ಹತ್ತು ನಿಮಿಷಕ್ಕೊಮ್ಮೆ ಹೊದಿಕೆಯೊಳಗೆ ಮೊಬೈಲ್ ಬೆಳಗಿಸಿ ನೋಡುತ್ತಿದ್ದೆ. ಎರಡು ಗಂಟೆಗೆ ಅಳಿಸಲೂ ಹೋದೆ. ಅಷ್ಟರಲ್ಲಿ ಯಾರೋ ಒಬ್ಬರು ಹೆಬ್ಬೆರಳು ಎತ್ತಿದ್ದರು. ಇದ್ದೊಬ್ಬ ಓದುಗರ ಮನಸ್ಸು ನೋಯಿಸಬಾರದೆಂದು ಬಿಟ್ಟೆ.

‘ನಾನು’ ಎಂದೇ ಶುರುವಾಗುವ ಕಥೆ. ‘ಕಿರಾಣಿ ಅಂಗಡಿಯ ಉದ್ರಿ ತೀರಿಸಲಾಗದೆ, ಹೆಂಡತಿಗೂ ಹೇಳದೆ, ನಸುಕಿನಲ್ಲಿ ಸೊಲ್ಲಾಪುರದ ಬಸ್ಸು ಹತ್ತಿದೆ’ ಎಂಬಲ್ಲಿಗೆ ನನ್ನ ಕಲ್ಪನೆಯ ಡೀಸೆಲ್ ಮುಗಿದಿತ್ತು.

ಗೋಲಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಕೇಳುತ್ತದೆ ಎನ್ನುತ್ತಾರೆ. ನಮ್ಮ ಬಳಗ ಅದಕ್ಕಿಂತ ಗಟ್ಟಿ ಗುಮ್ಮಟ. ಬೆಳಿಗ್ಗೆ ಆರಕ್ಕೆ ಸಿಂದಗಿಯಿಂದ ಕಾಕಾನ ಫೋನು. ನನಗಲ್ಲ, ಹೆಂಡತಿಗೆ: “ಎಷ್ಟು ಹೊತ್ತಿಗೆ ಹೋದ, ತಂಗೀ?” ಆಮೇಲೆ ಇಂಡಿಯಿಂದ ಅತ್ತೆ, ಮುದ್ದೇಬಿಹಾಳದಿಂದ ಮಾವ. “ಇಲ್ಲೇ ಚಹಾ ಕುಡಿಯುತ್ತಿದ್ದಾರೆ” ಎಂದು ಅವಳು ಹೇಳಿದರೂ “ಧೈರ್ಯ ತಂದುಕೋ” ಎಂದೇ ಎಲ್ಲರ ಸಮಾಧಾನ. ಉಪಮೆ ಸಪ್ಪೆ, ವಾಕ್ಯ ಸೊಟ್ಟ ಎಂದು ಬೈಸಿಕೊಳ್ಳಲು ಸಿದ್ಧನಾಗಿದ್ದವನಿಗೆ ಇದು ಅವಮಾನವೋ ಮೆಚ್ಚುಗೆಯೋ ತಿಳಿಯಲಿಲ್ಲ. ಫೋನಿಟ್ಟ ಹೆಂಡತಿ ಕೇಳಿದ್ದು ಒಂದೇ: “ಉದ್ರಿ ನಿಜಕ್ಕೂ ಎಷ್ಟಿದೆ?”

ಉತ್ತರ ಎಂಟಕ್ಕೆ ತಾನಾಗಿಯೇ ಬಂದಿತು. ಅಂಗಡಿಯವರು ಉದ್ರಿ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ಕಂಡದ್ದೇ ಅವರ ಮುಖಕ್ಕೆ ರಕ್ತ ಮರಳಿತು. ಕುಳಿತು, ಮೊಬೈಲಿನಲ್ಲಿ ಕಥೆಯನ್ನು ತುಟಿ ಅಲುಗಿಸುತ್ತ ಮತ್ತೊಮ್ಮೆ ಓದಿದರು. “ಇನ್ನೂ ತಿದ್ದಬೇಕು, ಕಚ್ಚಾ ಪ್ರತಿ” ಎಂದು ತೊದಲಿದೆ.

“ಚೆನ್ನಾಗಿದೆ ಸಾಹೇಬರೇ. ಆದರೆ ಅವನನ್ನು ಝಳಕಿಯಲ್ಲೇ ಇಳಿಸಿಬಿಡಿ. ಮಹಾರಾಷ್ಟ್ರ ಹೊಕ್ಕರೆ ವಸೂಲಿ ಕಷ್ಟ.”

ಮೂರು ವಾರ ತಿಣುಕಿದರೂ ನನಗೆ ಹೊಳೆಯದಿದ್ದ ತಿರುವು! ಖುಷಿಗೆ ಬಾಕಿಯ ಅರ್ಧ ಹಣ ಅಲ್ಲೇ ಎಣಿಸಿಕೊಟ್ಟೆ. ಅವರು ನನ್ನ ಲೆಕ್ಕದ ಪುಟ ತೆಗೆದು, ಉಳಿದ ಅರ್ಧದ ಎದುರಿಗೆ ದಪ್ಪ ಅಕ್ಷರದಲ್ಲಿ ಬರೆದುಕೊಂಡರು: ‘ಮುಂದುವರಿಯುವುದು’.