ಏನೂ ಮಾಡದ ಪೆಟ್ಟಿಗೆಗೆ ಎಷ್ಟು ಕೊಡಬಹುದು?

ಪ್ರಿಆಂಪ್ಲಿಫೈಯರ್ ಅನ್ನೋ ಪೆಟ್ಟಿಗೆಯ ದೊಡ್ಡ ಗುಣ ಏನೆಂದರೆ ಅದು ಏನೂ ಮಾಡಬಾರದು. ಸಿ.ಡಿ. ಪ್ಲೇಯರಿನಿಂದ ಬಂದ ಸದ್ದನ್ನು ತೆಗೆದುಕೊಳ್ಳಬೇಕು, ನಾವು ಹೇಳಿದಷ್ಟು ಜಾಸ್ತಿಯೋ ಕಮ್ಮಿಯೋ ಮಾಡಬೇಕು, ಸ್ಪೀಕರನ್ನು ಆಡಿಸುವ ಪವರ್ ಆಂಪ್ಲಿಫೈಯರಿಗೆ ದಾಟಿಸಿ ಸುಮ್ನೆ ಕೂರಬೇಕು. ತನ್ನದೇ ಬಣ್ಣ ಹಚ್ಚಬಾರದು. ಗೊಣಗಬಾರದು. ಇಷ್ಟನ್ನು ಚೆಂದಕ್ಕೆ ಮಾಡುವ ಪೆಟ್ಟಿಗೆಗೆ ಲಕ್ಷದ ಲೆಕ್ಕದಲ್ಲಿ ಬೆಲೆ. ಇದನ್ನೆಲ್ಲ ಹೆಂಡತಿಗೆ ವಿವರಿಸಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ.

“ಏನೂ ಮಾಡದೆ ಕೂರುವುದಕ್ಕೆ ಅಷ್ಟು ದುಡ್ಡು ಇದ್ದರೆ, ನಿಮಗೆ ಇಷ್ಟು ವರ್ಷ ಯಾರೂ ಯಾಕೆ ಕೊಡ್ಲಿಲ್ಲ?”

ನಮ್ಮದು ಕಾಸರಗೋಡಿನ ಪೆರ್ಲದಿಂದ ಇನ್ನೂ ಒಳಗೆ, ಅಡಿಕೆ ತೋಟದ ನಡುವಿನ ಹಂಚಿನ ಮನೆ. ಸ್ಪೀಕರ್ ಇತ್ತು. ಟ್ರಾನ್ಸಿಸ್ಟರಿನ ಪವರ್ ಆಂಪ್ ಇತ್ತು. ನಡುವೆ ಒಂದು ವಾಲ್ವಿನ, ಅಂದರೆ ಬಲ್ಬಿನ ಹಾಗೆ ಹೊಳೆಯುವ ಗಾಜಿನ ಕೊಳವೆಯ, ಪ್ರಿಆಂಪ್ ಬಂದರೆ ಜನ್ಮ ಸಾರ್ಥಕ ಅಂತ ನನಗೆ ಅನಿಸಿತ್ತು. ಊರಿನವರಿಗೆ ಹಾಗೇನೂ ಅನಿಸಿರಲಿಲ್ಲ. ಭಾವನಿಗೆ ಅರ್ಥವಾಗುವ ಹಾಗೆ ಹೇಳಿದೆ. “ನೋಡು, ಪ್ರಿಆಂಪ್ ಅಂದರೆ ಯಕ್ಷಗಾನದ ಭಾಗವತರ ಹಾಗೆ. ಅವರು ಕುಣಿಯುವುದಿಲ್ಲ, ಕಿರೀಟ ಕಟ್ಟುವುದಿಲ್ಲ, ಯುದ್ಧ ಮಾಡುವುದಿಲ್ಲ. ಆದರೆ ಅವರು ಜಾಗಟೆ ಎತ್ತದೆ ರಾವಣ ಒಂದು ಹೆಜ್ಜೆ ಇಡಲಾರ.”

ಭಾವ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಯೋಚಿಸಿದ. “ಅದು ಸರಿ. ಭಾಗವತರ ಒಳಗೆ ಬಲ್ಬ್ ಎಂತಕ್ಕೆ?”

ಒಳ್ಳೆಯ ಪ್ರಶ್ನೆಯೇ. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಗಾಜಿನ ಬಲ್ಬಿನೊಳಗೆ ಒಂದು ಹೆಚ್ಚುವರಿ ತಂತಿ ಇಟ್ಟ. ಆ ತಂತಿಗೆ ಕೊಟ್ಟ ಸಣ್ಣ ಸಿಗ್ನಲ್ಲು ದೊಡ್ಡ ಕರೆಂಟನ್ನು ಆಡಿಸಬಲ್ಲದು ಅಂತ ಆಮೇಲೆ ಜಗತ್ತಿಗೆ ತಿಳಿಯಿತು. ಈಗಿನ ಪ್ರಿಆಂಪುಗಳಲ್ಲಿ ಜಾಸ್ತಿ ಕಾಣುವ 12ಎಎಕ್ಸ್7 ಎಂಬ ಹೆಬ್ಬೆರಳಿನಷ್ಟು ದಪ್ಪದ ವಾಲ್ವು ಮಾರುಕಟ್ಟೆಗೆ ಬಂದದ್ದು 1947ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಬೆಲ್ ಲ್ಯಾಬಿನಲ್ಲಿ ವಾಲ್ವಿನ ಕೆಲಸವನ್ನೇ ಮಾಡುವ ಟ್ರಾನ್ಸಿಸ್ಟರ್ ಹುಟ್ಟಿತು. ವಾಲ್ವಿನ ಜಾತಕದಲ್ಲಿ ಶನಿ ಬಂದು ಕೂತದ್ದು ಆಗಲೇ. ಆದರೂ ಅದು ಸಾಯಲಿಲ್ಲ. ಯಾಕೆಂದರೆ ವಾಲ್ವು ತಪ್ಪು ಮಾಡಿದರೂ ಹೆಚ್ಚಾಗಿ ಶ್ರುತಿಯಲ್ಲೇ ಮಾಡುತ್ತದೆ. ಅದು ಸೇರಿಸುವ ಕಲಬೆರಕೆಯಲ್ಲಿ ಮುಖ್ಯವಾದದ್ದು ಎರಡನೇ ಹಾರ್ಮೋನಿಕ್. ಅಂದರೆ ನೀವು ಮಧ್ಯ ಷಡ್ಜ ಹಾಡಿದರೆ ಅದು ಮೆಲ್ಲಗೆ ತಾರ ಷಡ್ಜ ಸೇರಿಸುತ್ತದೆ. ಕಿವಿ ಅದನ್ನು ಮಾಫಿ ಮಾಡುತ್ತದೆ, ಕೆಲವು ಸಲ ಖುಷಿಯನ್ನೂ ಪಡುತ್ತದೆ.

1977ರಲ್ಲಿ ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು ಸೇರಿ ಕಾನ್ರಾಡ್-ಜಾನ್ಸನ್ ಎಂಬ ಕಂಪನಿ ಕಟ್ಟಿ ಇಂಥ ಪ್ರಿಆಂಪ್ ಮಾಡಲು ಹೊರಟರು. ಅರ್ಥಶಾಸ್ತ್ರಜ್ಞರೇ ಈ ಕಸುಬಿಗೆ ಇಳಿದರು ಅಂದ ಮೇಲೆ ಲಾಭ ಯಾವ ಕಡೆಗೆ ಹೋಗುತ್ತದೆ ಅಂತ ನಮಗೂ ಗೊತ್ತಾಗಬೇಕು, ಅಲ್ವಾ?

ಅಮ್ಮನ ದಾರಿ ಬೇರೆ. “ಅಟ್ಟದಲ್ಲಿ ಅಜ್ಜನ ರೇಡಿಯೋ ಇದೆಯಲ್ಲ. ಅದರಲ್ಲೂ ವಾಲ್ವು ಉಂಟು. ತೆಗೆದು ಹಾಕು.” ಅಟ್ಟಕ್ಕೆ ಹತ್ತಿದೆ. ರೇಡಿಯೋದೊಳಗೆ ಇಲಿಯ ಸಂಸಾರ. ವಾಲ್ವುಗಳ ಮೇಲೆ ಬಿಇಎಲ್ ಅಂತ ಅಚ್ಚು. ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್. ಬೆಂಗಳೂರಿನ ಜಾಲಹಳ್ಳಿಯ ಆ ಕಾರ್ಖಾನೆ ಒಂದು ಕಾಲಕ್ಕೆ ದೇಶದ ಎಷ್ಟೋ ರೇಡಿಯೋಗಳಿಗೆ ವಾಲ್ವು ಮಾಡುತ್ತಿತ್ತು. ಆದರೆ ಇಲ್ಲಿದ್ದದ್ದು ಇಸಿಎಚ್81, ಇಎಲ್84 ಮುಂತಾದ ರೇಡಿಯೋ ಜಾತಿಯವು. ನನಗೆ ಬೇಕಾದವಲ್ಲ. ಅಮ್ಮನಿಗೆ ಸಿಟ್ಟು ಬಂತು. “ಅಜ್ಜನಿಗೆ ಆದದ್ದು ನಿನಗೆ ಆಗುವುದಿಲ್ಲವಾ?”

ಸರಿ, ದೊಡ್ಡ ಊರಿನ ಶೋರೂಮಿಗೆ ಹೋದೆ. ನೆಲಕ್ಕೆ ದಪ್ಪ ಕಾರ್ಪೆಟ್, ಗೋಡೆಗೆ ಪರದೆ, ಚಳಿ ಹುಟ್ಟಿಸುವ ಎ.ಸಿ. ಒಬ್ಬಳು ವಿದೇಶಿ ಗಾಯಕಿ, ಒಂದು ಗಿಟಾರ್, ನಿಧಾನದ ಹಾಡು. ಎಲ್ಲ ಶೋರೂಮಿನಲ್ಲೂ ಇದೇ ಹಾಡಿಸುತ್ತಾರೆ. ಇಂಥ ಹಾಡಿಗೆ ಕೆಟ್ಟ ಪ್ರಿಆಂಪ್ ಕೂಡ ಸಭ್ಯವಾಗಿ ವರ್ತಿಸುತ್ತದೆ. ಅವಳು ಎಲ್ಲೂ ಗಟ್ಟಿ ದನಿ ತೆಗೆಯುವುದೇ ಇಲ್ಲ ನೋಡಿ. ಹುಡುಗನೊಬ್ಬ ಕಣ್ಣು ಮುಚ್ಚಿ ತಲೆ ಆಡಿಸುತ್ತಾ, “ಸಾರ್, ಅವಳ ಉಸಿರು ಕೇಳಿಸಿತಾ?” ಅಂದ. ಕೇಳಿಸಿತು. ಆದರೆ ನಾನು ಇಷ್ಟು ದೂರ ಬಂದದ್ದು ಅವಳ ಉಸಿರಿಗಲ್ಲ. ಜೇಬಿನಿಂದ ಪೆನ್‌ಡ್ರೈವ್ ತೆಗೆದು ಕೊಟ್ಟೆ. ತೆಂಕುತಿಟ್ಟು ಯಕ್ಷಗಾನದ ಚೆಂಡೆ.

ಹುಡುಗ ಚೆಂಡೆ ಕೇಳಿರಲಿಲ್ಲ ಅಂತ ಕಾಣುತ್ತದೆ. ಮೊದಲು ಮೃದಂಗ ಅಂದುಕೊಂಡು ವಾಲ್ಯೂಮ್ ಧಾರಾಳವಾಗಿ ಬಿಟ್ಟಿದ್ದ. ಅಬ್ಬರತಾಳ ಶುರುವಾದದ್ದೇ ತಡ, ಅವನು ಸೋಫಾದಿಂದ ಎದ್ದು ವಾಲ್ಯೂಮಿನ ಗುಂಡಿಗೆ ಕೈ ಹಾಕಿದ. ಪಕ್ಕದ ಅಂಗಡಿಯವರು ಬಾಗಿಲು ತೆಗೆದು ಇಣುಕಿದರು. ನಾನು ಹೇಳಿದೆ, “ಇನ್ನು ಚಕ್ರತಾಳ ಬರ್ತದೆ, ನಿಲ್ಲಿ.” ಅವನು ನಿಲ್ಲಲಿಲ್ಲ, ನಿಲ್ಲಿಸಿದ.

ಆಮೇಲೆ ನಾನು ಇಂಪೀಡೆನ್ಸ್, ಅಂದರೆ ಸಿಗ್ನಲ್ಲಿನ ಹರಿವಿಗೆ ಇರುವ ತಡೆ, ಎಷ್ಟು ಅಂತ ಕೇಳಿದೆ. ಇದು ಚರ್ಮದ ಸೋಫಾದಲ್ಲಿ ಕೂತು ಕೇಳುವ ಪ್ರಶ್ನೆ ಅಲ್ಲವಂತೆ. ಆದರೆ ವಾಲ್ವಿನ ಪ್ರಿಆಂಪನ್ನು ಟ್ರಾನ್ಸಿಸ್ಟರ್ ಪವರ್ ಆಂಪಿಗೆ ಗಂಟು ಹಾಕುವವರು ಕೇಳಲೇಬೇಕಾದ ಪ್ರಶ್ನೆ. ಪವರ್ ಆಂಪಿನ ಇನ್‌ಪುಟ್ ಇಂಪೀಡೆನ್ಸ್ ಪ್ರಿಆಂಪಿನ ಔಟ್‌ಪುಟ್ ಇಂಪೀಡೆನ್ಸಿನ ಹತ್ತು ಪಟ್ಟಾದರೂ ಇರಬೇಕು. ನನ್ನ ಪವರ್ ಆಂಪಿನದ್ದು 10 ಕಿಲೋ ಓಮ್. ಹಾಗಾಗಿ ಪ್ರಿಆಂಪಿನದ್ದು 1 ಕಿಲೋ ಓಮಿನ ಒಳಗೆ ಇರಬೇಕು. ಕೆಲವು ವಾಲ್ವಿನ ಪ್ರಿಆಂಪುಗಳಲ್ಲಿ ಇದು ಕೆಳಸ್ಥಾಯಿಯಲ್ಲಿ ಇನ್ನೂ ಏರುತ್ತದೆ. ಆಗ ಚೆಂಡೆ ಬದುಕಿಕೊಳ್ಳುತ್ತದೆ, ಮದ್ದಳೆ ಸೊರಗುತ್ತದೆ. “ತೀರಾ ಕೆಳಗೆ, 20 ಹರ್ಟ್ಸಿನಲ್ಲಿ ಎಷ್ಟು?” ಅಂತ ಕೇಳಿದೆ. ಅವರು ಕಾಫಿ ತರಿಸಿದರು.

ಕಾಫಿ ಚೆನ್ನಾಗಿತ್ತು. ಕೊನೆಗೆ ಮುಂಗಡ ಇಟ್ಟುಕೊಂಡು ಎರಡು ಪ್ರಿಆಂಪುಗಳನ್ನು ಮನೆಗೆ ಒಯ್ದು ಕೇಳಿ ನೋಡಲು ಕೊಟ್ಟರು. ಒಂದು 12ಎಎಕ್ಸ್7ರದ್ದು. ಅದರ ವಾಲ್ವುಗಳು ಮೇಲ್ಗಡೆ ಬೆತ್ತಲೆ ನಿಂತು ಹೊಳೆಯುತ್ತಿದ್ದವು, ಸುತ್ತ ಒಂದು ಪಂಜರ. ಇನ್ನೊಂದು 6ಎಸ್ಎನ್7 ಎಂಬ ಹಳೇ ಕಾಲದ ದಪ್ಪ ವಾಲ್ವಿನದ್ದು, ಮೇಲೆ ಸಪಾಟು ಮುಚ್ಚಳ. ಎರಡಕ್ಕೂ ರಿಮೋಟ್ ಇಲ್ಲ. ಬೆಲೆ ಏರಿದ ಹಾಗೆ ರಿಮೋಟ್ ಮಾಯವಾಗುವುದು ಈ ಲೋಕದ ಒಂದು ನಿಯಮ. ನನ್ನ ಹತ್ತಿರ ಎಲ್‌ಪಿ ತಟ್ಟೆಗಳಿಲ್ಲ. ಹಾಗಾಗಿ ತಟ್ಟೆಯ ಸಣ್ಣ ಸಿಗ್ನಲ್ಲನ್ನು ಹಿಗ್ಗಿಸುವ ಫೋನೋ ಸ್ಟೇಜಿನ ತಲೆನೋವು ಇರಲಿಲ್ಲ. ಅದೊಂದು ಪುಣ್ಯ.

ಮೊದಲಿಗೆ ಪಂಜರದ್ದು. 12ಎಎಕ್ಸ್7ರ ವರ್ಧನೆಯ ಶಕ್ತಿ 100. 6ಎಸ್ಎನ್7ರದ್ದು 20. ಇಲ್ಲಿ ಒಂದು ತಮಾಷೆ ಇದೆ. ಸಿ.ಡಿ. ಪ್ಲೇಯರ್ ತಾನೇ 2 ವೋಲ್ಟ್ ಕೊಡುತ್ತದೆ. ನನ್ನ ಪವರ್ ಆಂಪಿಗೆ ಪೂರ್ತಿ ದನಿ ಎತ್ತಲು ಅಷ್ಟೂ ಬೇಡ. ನಡುವೆ ಇನ್ನಷ್ಟು ಹಿಗ್ಗಿಸುವ ಅಗತ್ಯವೇ ಇಲ್ಲ. ಪಂಜರದ್ದರಲ್ಲಿ ಗುಂಡಿಯನ್ನು ಒಂದು ಕೂದಲೆಳೆ ತಿರುಗಿಸಿದರೆ ಏನೂ ಇಲ್ಲ, ಇನ್ನೊಂದು ಕೂದಲೆಳೆಗೆ ಮಹಿಷಾಸುರ ಪ್ರವೇಶ. ಕೊಟ್ಟಿಗೆಯಲ್ಲಿ ದನ ಹಗ್ಗ ಜಗ್ಗಿತು. ಮಕ್ಕಳು ಮಾಳಿಗೆಯ ಮರದ ಹಲಗೆಯ ಮೇಲೆ ಓಡಿದಾಗಲೆಲ್ಲ ಸ್ಪೀಕರಿನಲ್ಲಿ “ಠಿಂಗ್” ಅಂತ ಸದ್ದು. ಇದಕ್ಕೆ ಮೈಕ್ರೋಫೋನಿಕ್ಸ್ ಅಂತಾರೆ. ವಾಲ್ವಿನ ಒಳಗಿನ ತಂತಿ ಅಲುಗಿದರೆ ಅದೂ ಸಂಗೀತ ಅಂತ ಭಾವಿಸಿ ಹಿಗ್ಗಿಸುತ್ತದೆ. ಮಿಕ್ಸಿ ಬಂದ ಮೇಲೆ ಮೂಲೆ ಸೇರಿದ್ದ ಅಮ್ಮಿಕಲ್ಲನ್ನು ತಂದು ಪ್ರಿಆಂಪಿನ ಅಡಿಯಲ್ಲಿ ಇಟ್ಟೆ. ಠಿಂಗ್ ಕಮ್ಮಿಯಾಯಿತು. ಬಂದವರೆಲ್ಲ ಪ್ರಿಆಂಪನ್ನು ಬಿಟ್ಟು ಅಮ್ಮಿಕಲ್ಲಿನ ಬಗ್ಗೆ ಕೇಳತೊಡಗಿದರು.

ಅದು ಮೇ ತಿಂಗಳು. ಸಂಜೆಯಾದರೆ ಸುತ್ತಲಿನ ಎಲ್ಲ ತೋಟಗಳ ಪಂಪು ಒಟ್ಟಿಗೆ ಎದ್ದೇಳುತ್ತವೆ. ನಮ್ಮದು ಲೈನಿನ ಕೊನೆಯ ಮನೆ. 230 ಇರಬೇಕಾದ ವೋಲ್ಟೇಜು 170ಕ್ಕೆ ಇಳಿಯುತ್ತದೆ. ವಾಲ್ವನ್ನು ಒಳಗಿನಿಂದ ಕಾಯಿಸುವ ಹೀಟರಿಗೆ 6.3 ವೋಲ್ಟ್ ಬೇಕು. ಲೆಕ್ಕ ಹಾಕಿದರೆ ಆಗ ಅದಕ್ಕೆ ಸಿಗುವುದು 4.7ರ ಹತ್ತಿರ. ಹತ್ತು ಶೇಕಡಾ ಆಚೀಚೆ ಆದರೆ ತಡೆದುಕೊಳ್ಳುತ್ತದೆ, ಇಷ್ಟು ಕಮ್ಮಿಯಾದರೆ ಆಗದು. ಪಂಜರದ ವಾಲ್ವುಗಳ ಕೆಂಪು ಮಂಕಾಯಿತು, ಭಾಗವತರಿಗೆ ದಮ್ಮು ಕಟ್ಟಿತು. ಸ್ಟೆಬಿಲೈಸರ್ ಅಂಗಡಿಯವನು ಮಲೆಯಾಳದಲ್ಲಿ “ವೋಲ್ಟೇಜ್ ಇಲ್ಲ ಸಾರೇ” ಅಂತ ನನಗೆ ಗೊತ್ತಿದ್ದದ್ದನ್ನೇ ಹೇಳಿ ಒಂದು ಪೆಟ್ಟಿಗೆ ಕೊಟ್ಟ. ಅದು ಪ್ರತಿ ಸಲ ವೋಲ್ಟೇಜು ಬದಲಾದಾಗ “ಟಕ್” ಅನ್ನುತ್ತಿತ್ತು. ತಾಳಕ್ಕೆ ಸರಿಯಾಗಿ ಅಂದಿದ್ದರೆ ಇಟ್ಟುಕೊಳ್ಳುತ್ತಿದ್ದೆ. ಸಪಾಟು ಮುಚ್ಚಳದ್ದರಲ್ಲಿ ಹೀಟರಿಗೆ ಬೇರೆಯೇ ರೆಗ್ಯುಲೇಟೆಡ್ ಡಿ.ಸಿ., ಅಂದರೆ ಏರಿಳಿಯದ ಒಂದೇ ಸಮದ ಕರೆಂಟು, ಇತ್ತು. ಸಂಜೆ ಅದು ಸ್ವಲ್ಪವೂ ಮಂಕಾಗಲಿಲ್ಲ. ನನ್ನ ಮನಸ್ಸು ಅದರ ಕಡೆ ವಾಲಿತು.

ಆದರೆ ಅದರಲ್ಲೂ ಒಂದು “ಝೂಂ” ಇತ್ತು. ಹಾಡಿನ ಹಿಂದೆ ಸದಾ ಇರುವ ಒಂದು ಝೂಂ. ಎಲೆಕ್ಟ್ರಿಷಿಯನ್ ಬಂದ. ಕಿವಿಗೊಟ್ಟು ಕೇಳಿದ. “ಅರ್ತಿಂಗ್ ಸರಿ ಇಜ್ಜಿ ಅಣ್ಣೇರೆ,” ಅಂತ ತುಳುವಿನಲ್ಲಿ ಅಂದ. ಅರ್ತಿಂಗ್ ಸರಿ ಇಲ್ಲವಂತೆ. ಬೇಸಿಗೆಯಲ್ಲಿ ನಮ್ಮ ಮುರಕಲ್ಲಿನ ನೆಲ ಒಣಗಿ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ನಿಜ. ಹೊಸ ಗುಂಡಿ ತೋಡಬೇಕು, ಇದ್ದಿಲು ಹಾಕಬೇಕು, ಉಪ್ಪು ಹಾಕಬೇಕು. ಇದ್ದಿಲು ಬಚ್ಚಲೊಲೆಯ ಹತ್ತಿರ ಸಿಕ್ಕಿತು. ಉಪ್ಪು? ಅಡುಗೆಮನೆಯ ಮೂಲೆಯಲ್ಲಿ ಒಂದು ಗೋಣಿ ಕಲ್ಲುಪ್ಪು ಇತ್ತು. ಎಲೆಕ್ಟ್ರಿಷಿಯನ್ ಕೇಳಿದ, ನಾನು ತೋರಿಸಿದೆ, ಅದು ಗುಂಡಿಗೆ ಹೋಯಿತು.

ಅದು ಉಪ್ಪುಸೊಳೆಗೆ ತಂದದ್ದು. ಆ ದಿನವೇ ಮರದಿಂದ ಹಲಸಿನಕಾಯಿ ಇಳಿಸಿ, ಅಮ್ಮ, ಹೆಂಡತಿ, ಪಕ್ಕದ ಮನೆಯ ಅತ್ತೆ ಎಲ್ಲ ಕೂತು ಸೊಳೆ ಬಿಡಿಸಿ ಗುಡ್ಡೆ ಹಾಕಿದ್ದರು. ಭರಣಿ ತೊಳೆದು ಒಣಗಿಸಿ ಇಟ್ಟಾಗಿತ್ತು. ಅಮ್ಮ ಗೋಣಿ ಹುಡುಕಿದರು. ಮಳೆಗಾಲ ಪೂರ್ತಿ ಮನೆಗೆ ಆಗುವ ಪಲ್ಯ ನೆಲದಡಿ ಹೋಗಿದೆ ಅಂತ ತಿಳಿದ ಮೇಲೆ ಅವರು ಹೇಳಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ನಾನು ಸ್ಕೂಟರ್ ಹತ್ತಿ ಪೇಟೆಗೆ ಓಡಿದೆ. ಉಪ್ಪು ತಂದೆ. ಬಂದು ಪ್ರಿಆಂಪ್ ಹಾಕಿದೆ. ಝೂಂ ಇನ್ನೂ ಇತ್ತು.

ಕಾರಣ ಸಿಕ್ಕಿದ್ದು ಟಿ.ವಿ.ಯ ಹಿಂದೆ. ಟಿ.ವಿ.ಯ ಸದ್ದು ದೊಡ್ಡ ಸ್ಪೀಕರಿನಲ್ಲಿ ಬರಲಿ ಅಂತ ಅದನ್ನೂ ಪ್ರಿಆಂಪಿಗೆ ಸೇರಿಸಿದ್ದೆ. ಡಿಶ್ಶಿನ ಕೇಬಲ್ ಒಂದು ದಾರಿಯಲ್ಲಿ ನೆಲ ಮುಟ್ಟುತ್ತದೆ, ಪ್ರಿಆಂಪಿನ ಪ್ಲಗ್ಗು ಇನ್ನೊಂದು ದಾರಿಯಲ್ಲಿ. ಎರಡು ದಾರಿ ಸೇರಿ ಒಂದು ಸುತ್ತು ಆಗುತ್ತದೆ. ಆ ಸುತ್ತಿನಲ್ಲಿ 50 ಹರ್ಟ್ಸಿನ ಕರೆಂಟು ಪ್ರದಕ್ಷಿಣೆ ಹಾಕುತ್ತಾ ಹಾಡುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಅಂತ ಹೆಸರು. ಇದನ್ನು ಪತ್ತೆ ಮಾಡಲು ನಾನು ಕೇಬಲ್ ಎಳೆದೆ. ಝೂಂ ಫಕ್ಕನೆ ನಿಂತಿತು. ಅಮ್ಮನ ಧಾರಾವಾಹಿಯೂ ನಿಂತಿತು. ಅಲ್ಲಿ ಸೊಸೆ ವಿಷದ ಲೋಟ ಎತ್ತಿದ್ದಳಂತೆ. ಕುಡಿದಳೋ ಇಲ್ಲವೋ ಈಗಲೂ ಅಮ್ಮನಿಗೆ ಗೊತ್ತಿಲ್ಲ, ನನಗೆ ಗೊತ್ತಿರಲೇಬೇಕು ಅಂತ ಅವರ ವಾದ. ಟಿ.ವಿ. ಮತ್ತು ಪ್ರಿಆಂಪಿನ ನಡುವೆ ಒಂದು ಪುಟ್ಟ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿದ ಮೇಲೆ ಇಬ್ಬರಿಗೂ ಶಾಂತಿ. ಅದರ ಬೆಲೆ ಆ ಗೋಣಿ ಉಪ್ಪಿನ ಆಸುಪಾಸು.

ಅಷ್ಟರಲ್ಲಿ ಮೋಡ ಶುರು. ಮೇ ತಿಂಗಳ ಗುಡುಗು ನಮ್ಮ ಕಡೆ ಸುಮ್ಮನೆ ಬೆದರಿಸುವುದಿಲ್ಲ, ಮೋಟರು ಸುಟ್ಟೇ ಹೋಗುತ್ತದೆ. ದೂರದಲ್ಲಿ ಗುಡುಗಿದರೆ ಸಾಕು, ಅಮ್ಮ ಮನೆಯ ಎಲ್ಲ ಪ್ಲಗ್ಗು ಎಳೆಯುತ್ತಾರೆ. ವಾಲ್ವು ಕಾದು ಹದಕ್ಕೆ ಬರಲು ಸಮಯ ಬೇಕು. ಅದು ಹದಕ್ಕೆ ಬಂತು ಅನ್ನುವಾಗ ಗುಡುಗು. ಗುಡುಗು ನಿಂತು ಮತ್ತೆ ಹಾಕಿದರೆ ಕರೆಂಟಿಲ್ಲ.

ಹೀಗೊಂದು ಸಂಜೆ ತೋಟದಿಂದ ಬಂದು ನೋಡುತ್ತೇನೆ, ಸಪಾಟು ಮುಚ್ಚಳದ ಪ್ರಿಆಂಪಿನ ಮೇಲೆ ಸಾಲಾಗಿ ಹಲಸಿನ ಹಪ್ಪಳ. ಬಿಸಿಲಿಲ್ಲ, ಹಪ್ಪಳ ಅರೆಒಣಗಿದೆ, ಮುಚ್ಚಳ ಬೆಚ್ಚಗಿದೆ. ಅಮ್ಮನ ಲೆಕ್ಕ ಸರಿಯೇ. “ಗಾಳಿಯಾಡುವ ತೂತು ಮುಚ್ಚಿದರೆ ವಾಲ್ವು ಬೇಗ ಸಾಯ್ತದೆ ಅಮ್ಮ” ಅಂದೆ. “ಇದನ್ನೇ ಇಟ್ಟುಕೋ ಮಾರಾಯ,” ಅಂದರು ಅವರು, “ಪಂಜರದ್ದು ಬೇಡ. ಅದರ ಮೇಲೆ ಎಂತದೂ ನಿಲ್ಲುವುದಿಲ್ಲ.”

ವರ್ಧನೆ ಕಮ್ಮಿ, ಗುಂಡಿ ಪೂರ್ತಿ ತಿರುಗುತ್ತದೆ, ಔಟ್‌ಪುಟ್ ಇಂಪೀಡೆನ್ಸ್ ಕೆಲವೇ ನೂರು ಓಮ್, ಹೀಟರಿಗೆ ರೆಗ್ಯುಲೇಟರ್. ಇವು ನನ್ನ ಕಾರಣಗಳು. ಅಮ್ಮನ ಕಾರಣ ಸಪಾಟು ಮುಚ್ಚಳ. ಒಟ್ಟಿನಲ್ಲಿ ಮನೆಯಲ್ಲಿ ಒಮ್ಮತ. ಪಂಜರದ್ದು ವಾಪಸ್ ಹೋಯಿತು. ಹೆಂಡತಿ ಮಾತ್ರ ಬಿಲ್ಲು ನೋಡಿ ಏನೂ ಹೇಳಲಿಲ್ಲ. ನನಗೆ ಇಂದಿಗೂ ಭಯ ಇರುವುದು ಅದೊಂದರ ಬಗ್ಗೆಯೇ.

ಮೊದಲ ಶ್ರೋತೃ ಭಾವ. ಏನು ಹಾಕಲಿ ಅಂದೆ. ಯಾವುದೋ ಕಾಲದಲ್ಲಿ ಬಯಲಾಟದ ರಂಗಸ್ಥಳದ ಎದುರು ಟೇಪ್ ರೆಕಾರ್ಡರ್ ಇಟ್ಟು ತುಂಬಿಸಿದ ಕ್ಯಾಸೆಟ್ಟು, ಈಗ ಕಂಪ್ಯೂಟರಿಗೆ ಏರಿಸಿದ್ದು, ಅದೇ ಆಗಬೇಕಂತೆ. ಹಾಕಿದೆ. ಭಾವ ಕಣ್ಣು ಮುಚ್ಚಿದ. ಭಾಗವತರು ಬಂದರು, ಮದ್ದಳೆ ತುಂಬಿಕೊಂಡಿತು. ಹಿಂದೆ ಒಂದು ಝೂಂ.

ನಾನು ಗಾಬರಿಯಿಂದ ಕೇಬಲ್ ಹತ್ತಿರ ಓಡಿದೆ.

“ಕೂತುಕೋ,” ಅಂದ ಭಾವ. “ಅದು ಜನರೇಟರ್. ಆಟಕ್ಕೆ ಗದ್ದೆಯಲ್ಲಿ ಇಡ್ತಿದ್ದರಲ್ಲ, ಅದು.” ಇನ್ನೂ ಸ್ವಲ್ಪ ಕೇಳಿದ. ಮುಖ ಅರಳಿತು. “ನಡುವೆ ಕೆಮ್ಮುತ್ತದೆ ನೋಡು. ಡೀಸೆಲ್ಲಿಗೆ ನೀರು ಸೇರಿತ್ತು ಆ ದಿನ. ಇಷ್ಟು ವರ್ಷ ಈ ಕ್ಯಾಸೆಟ್ ಕೇಳಿದ್ದೇನೆ, ಒಂದು ಸಲವೂ ಇಷ್ಟು ಸ್ಪಷ್ಟ ಕೇಳಿರಲಿಲ್ಲ. ನಿನ್ನ ಪೆಟ್ಟಿಗೆ ಪರವಾಗಿಲ್ಲ ಮಾರಾಯ. ಸ್ವಲ್ಪ ಜಾಸ್ತಿ ಮಾಡು.”

ರಿಮೋಟ್ ಇಲ್ಲವಲ್ಲ. ಎದ್ದು ಹೋಗಿ ಜನರೇಟರನ್ನು ಜಾಸ್ತಿ ಮಾಡಿದೆ.