ಸ್ಪಷ್ಟನೆ: ಯುನ್ನಾನ್ ಬೈಯಾವೊ ‘ಬರೀ ಗಿಡಮೂಲಿಕೆ’ ಅಲ್ಲ

‘ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದೆಯೇ? ಚೀನಾದ ಯುನ್ನಾನ್ ಬೈಯಾವೊ ಪುಡಿ ತಗೊಳ್ಳಿ. ಬರೀ ಗಿಡಮೂಲಿಕೆ, ಅಡ್ಡ ಪರಿಣಾಮ ಇಲ್ಲ, ಸ್ಕ್ಯಾನಿಂಗೂ ಬೇಡ’ ಎಂಬ ಸಂದೇಶ ಹರಿದಾಡುತ್ತಿದೆ. ಇದರಲ್ಲಿ ನಿಜ ಇರುವುದು ಸ್ವಲ್ಪವೇ.

ಯುನ್ನಾನ್ ಪ್ರಾಂತ್ಯದ ಚು ಹ್ವಾನ್‌ಜಾಂಗ್ 1902ರಲ್ಲಿ ಈ ಔಷಧಿ ತಯಾರಿಸಿದರು. ಗಾಯದ ರಕ್ತ ನಿಲ್ಲಿಸಲು ಅದು ಹೆಸರಾಯಿತು. ಚೀನೀ ವೈದ್ಯರು ಗರ್ಭಕೋಶದ ರಕ್ತಸ್ರಾವಕ್ಕೂ ಕೊಡುತ್ತಾರೆ, ಅದು ಸುಳ್ಳಲ್ಲ.

ಆದರೆ ‘ಬರೀ ಗಿಡಮೂಲಿಕೆ’ ಎಂಬ ಮಾತೇ ಅಪಾಯದ್ದು. ಇದರ ಪೂರ್ತಿ ಸೂತ್ರವನ್ನು ಚೀನಾ ಗುಟ್ಟಾಗಿ ಇಟ್ಟಿದೆ. 2013ರಲ್ಲಿ ಹಾಂಗ್‌ಕಾಂಗ್ ಆರೋಗ್ಯ ಇಲಾಖೆ ಪರೀಕ್ಷಿಸಿದಾಗ, ಲೇಬಲ್‌ನಲ್ಲಿ ಹೇಳದ ಅಕೋನೈಟ್ ಅಂಶ ಸಿಕ್ಕಿತು. ಸರಕನ್ನು ವಾಪಸ್ ಪಡೆಯಬೇಕಾಯಿತು. ಅಕೋನೈಟ್ ಅಂದರೆ ನಮ್ಮ ವತ್ಸನಾಭಿ ಎಂಬ ವಿಷಗಿಡದ ಜಾತಿಯದೇ. ಸರಿಯಾಗಿ ಶುದ್ಧ ಮಾಡದಿದ್ದರೆ, ಪ್ರಮಾಣ ಮೀರಿದರೆ, ಎದೆಬಡಿತವನ್ನೇ ಕೆಡಿಸುವ ವಿಷ. ಗರ್ಭಿಣಿಯರು ತಗೊಳ್ಳಬಾರದು ಎಂದು ತಯಾರಕರೇ ಬರೆದಿದ್ದಾರೆ. ಮುಟ್ಟು ಏರುಪೇರಾದವರಿಗೆ ತಾವು ಗರ್ಭಿಣಿ ಅಂತ ಗೊತ್ತಿರದೆಯೂ ಇರಬಹುದು, ಅಲ್ವಾ?

ಸ್ಕ್ಯಾನಿಂಗ್ ಬೇಡ ಅನ್ನುವುದನ್ನಂತೂ ಒಪ್ಪಲೇಬೇಡಿ. ರಕ್ತ ಜಾಸ್ತಿ ಹೋಗಲು ಗರ್ಭಕೋಶದ ಗಡ್ಡೆಗಳು (ಫೈಬ್ರಾಯ್ಡ್, ಪಾಲಿಪ್), ಥೈರಾಯ್ಡ್ ತೊಂದರೆ, ಗರ್ಭಪಾತ, ಕೆಲವೊಮ್ಮೆ ಕ್ಯಾನ್ಸರ್ ಕಾರಣವಾಗಿರುತ್ತದೆ. ರಕ್ತ ನಿಂತರೂ ಗಡ್ಡೆ ಅಲ್ಲೇ ಇರುತ್ತದೆ. ಮುಟ್ಟು ಪೂರ್ತಿ ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಎರಡು ಗಂಟೆಗೂ ಜಾಸ್ತಿ ಹೊತ್ತು ಗಂಟೆಗೊಂದು ಪ್ಯಾಡ್ ತುಂಬುತ್ತಿದ್ದರೆ, ತಲೆ ಸುತ್ತುತ್ತಿದ್ದರೆ, ಕೂಡಲೇ ಆಸ್ಪತ್ರೆಗೆ ಹೋಗಿ. ಆ ಪುಡಿ ತಗೊಂಡಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ.